ಟ್ರೆಮೆಯಲ್ಲಿ ಒಂದು ಶುಕ್ರವಾರದ ಊಟ

ನ್ಯೂ ಆರ್ಲಿಯನ್ಸ್‌ಗೆ ಹೋಗ್ತಿದ್ದೀವಿ, ಕ್ರಿಯೋಲ್ ಊಟ ಎಲ್ಲಿ ಚೆನ್ನಾಗಿರುತ್ತೆ ಅಂತ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಟ್ರೆಮೆ ಅನ್ನುವ ಬಡಾವಣೆಯ ಹೆಸರು. ಕ್ರಿಯೋಲ್ ಅಂದರೆ ಫ್ರೆಂಚ್, ಸ್ಪ್ಯಾನಿಷ್, ಆಫ್ರಿಕನ್ ಕೈಗಳು ಬೆರೆತು ಅಮೆರಿಕದ ಲೂಸಿಯಾನಾ ರಾಜ್ಯದ ಈ ಊರಿನಲ್ಲಿ ಬೆಳೆದ ಅಡುಗೆ. ಪ್ರವಾಸಿಗರು ಮುತ್ತಿಕೊಳ್ಳುವ ಹಳೆಯ ಬಡಾವಣೆ ಫ್ರೆಂಚ್ ಕ್ವಾರ್ಟರ್‌ನಲ್ಲೂ ಒಳ್ಳೆ ಊಟ ಸಿಗುತ್ತದೆ, ಅದಕ್ಕೆ ಆಮೇಲೆ ಬರುತ್ತೇನೆ. ಆದರೆ ಈ ಅಡುಗೆಯನ್ನು ಇಷ್ಟು ದೊಡ್ಡದಾಗಿ ಬೆಳೆಸಿದ ಆಫ್ರಿಕನ್ ಅಮೆರಿಕನ್ ಜನರ ಕೈ ರುಚಿಯನ್ನು ಅವರದೇ ಬೀದಿಯಲ್ಲಿ ಕೂತು ನೋಡಬೇಕು ಅಂದರೆ ಟ್ರೆಮೆಗೇ ಹೋಗಬೇಕು. ಅದೂ ಮಧ್ಯಾಹ್ನದ ಊಟಕ್ಕೆ.

ನಾನು ತುಮಕೂರಿನಿಂದ ಹ್ಯೂಸ್ಟನ್‌ನ ಅಕ್ಕನ ಮನೆಗೆ ಹೋಗಿದ್ದಾಗ ಅಕ್ಕ, ಭಾವ, ನಾನು ಮೂವರೂ ಕಾರಿನಲ್ಲಿ ಹೊರಟೆವು. ಹ್ಯೂಸ್ಟನ್‌ನಿಂದ ಸುಮಾರು 560 ಕಿಲೋಮೀಟರ್ ದಾರಿ. ಗುರುವಾರ ರಾತ್ರಿ ತಲುಪಿ, ಹೋಟೆಲಿನ ಹತ್ತಿರವೇ, ಬೋರ್ಬನ್ ಸ್ಟ್ರೀಟಿನ ಗದ್ದಲದ ನಡುವೆ ಸಿಕ್ಕಿದ ಒಂದು ಕಡೆ ಊಟಕ್ಕೆ ಕೂತೆವು. ಗಂಬೋ ಅಂತ ತಂದಿಟ್ಟರು, ಅನ್ನದ ಜೊತೆ ಕೊಡುವ ಅಲ್ಲಿನ ಮಾಂಸ, ಸೀಗಡಿಯ ಸಾರು. ಹಿಟ್ಟು ಸೀದ ವಾಸನೆ, ಅನ್ನ ಗಟ್ಟಿ, ಸೀಗಡಿ ರಬ್ಬರು. ಬಿಲ್ಲು ಮಾತ್ರ ಜೋರು. "ಇದಕ್ಕೇನಮ್ಮ ಅಷ್ಟು ದೂರದಿಂದ ಬಂದಿದ್ದು?" ಅಂದರು ಭಾವ. "ನಾಳೆ ನೋಡೋಣ, ಈಗ ಸುಮ್ನೆ ಮಲಗೋಣ ನಡೀರಿ" ಅಂದಳು ಅಕ್ಕ.

ಬೆಳಿಗ್ಗೆ ಕೆಫೆ ಡು ಮಾಂಡ್. 1862ರಿಂದ ನಡೀತಿರುವ ಕಾಫಿ ಅಂಗಡಿ, ಡಿಕೇಟರ್ ಸ್ಟ್ರೀಟಿನಲ್ಲಿ, ಮಿಸಿಸಿಪ್ಪಿ ನದಿಗೆ ಹತ್ತಿರ. ಬೆನ್ಯೇ ಅಂದರೆ ಚೌಕಾಕಾರದ, ಎಣ್ಣೆಯಲ್ಲಿ ಕರಿದ, ಒಳಗೆ ಟೊಳ್ಳಾದ ತಿಂಡಿ, ಮೇಲೆ ಸಕ್ಕರೆ ಪುಡಿ ರಾಶಿ. ನನಗೆ ಅದಕ್ಕಿಂತ ಇಷ್ಟವಾಗಿದ್ದು ಕಾಫಿ. ಚಿಕೋರಿ ಬೆರೆಸಿದ ಡಿಕಾಕ್ಷನ್‌ಗೆ ಅರ್ಧಕ್ಕರ್ಧ ಬಿಸಿ ಹಾಲು. ಫ್ರೆಂಚರ ಈ ಅಭ್ಯಾಸ ಅಮೆರಿಕದ ಅಂತರ್ಯುದ್ಧದಲ್ಲಿ ಬಂದರು ಮುಚ್ಚಿ ಕಾಫಿ ಬೀಜ ಬರದಂತಾದಾಗ ಇನ್ನಷ್ಟು ಗಟ್ಟಿಯಾಯಿತಂತೆ. ಅಮೆರಿಕದಲ್ಲಿ ಕಾಲಿಟ್ಟ ಮೇಲೆ ನನ್ನ ನಾಲಿಗೆಗೆ ಕಾಫಿ ಅನ್ನಿಸಿದ್ದು ಇದೊಂದೇ. ಚಿಕೋರಿ ಹಾಕಿದ ಫಿಲ್ಟರ್ ಕಾಫಿ ಕುಡಿದು ಬೆಳೆದವರು ಅಲ್ಲಿ ಇನ್ನೊಂದು ಲೋಟ ಕೇಳದೆ ಏಳುವುದು ಕಷ್ಟ.

ಅಲ್ಲಿಂದ ನಡೆದೇ ಹೋಗೋಣ ಅಂತ ಹಠ ಮಾಡಿದ್ದು ನಾನೇ. ಕ್ವಾರ್ಟರ್ ಮುಗಿಯುವಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್ ಪಾರ್ಕ್ ಇದೆ, ಅದರೊಳಗೆ ಕಾಂಗೋ ಸ್ಕ್ವೇರ್. ಗುಲಾಮಗಿರಿಯ ಕಾಲದಲ್ಲಿ ಭಾನುವಾರ ಸಿಗುತ್ತಿದ್ದ ಒಂದಿಷ್ಟು ಬಿಡುವಿನಲ್ಲಿ ಗುಲಾಮರು ಇಲ್ಲಿ ಸೇರಿ ಡೋಲು ಬಡಿದು ಕುಣಿಯುತ್ತಿದ್ದರು, ಸಂತೆ ನಡೆಸುತ್ತಿದ್ದರು. ಮುಂದೆ ಹೋದರೆ ಕ್ಲೇಬೋರ್ನ್ ಅವೆನ್ಯೂ, ಅದರ ತಲೆ ಮೇಲೆ ಎತ್ತರದ ಹೆದ್ದಾರಿ. 1960ರ ದಶಕದಲ್ಲಿ ಅಲ್ಲಿದ್ದ ಓಕ್ ಮರಗಳ ಸಾಲನ್ನು ಕಡಿದು ಇದನ್ನು ಕಟ್ಟಿದರು. ಕಪ್ಪು ಜನರ ಅಂಗಡಿಗಳು ಸಾಲಾಗಿದ್ದ ಬೀದಿ ಅದು, ಹೆದ್ದಾರಿ ಬಂದ ಮೇಲೆ ಸೊರಗಿತು. ಅದರ ಕೆಳಗೆ ದಾಟುವಾಗ ನನಗೆ ನಿಜವಾಗಿಯೂ ಹೊಟ್ಟೆ ಉರಿಯಿತು. ಊಟಕ್ಕೆ ಕೂರುವ ಮೊದಲು ಇದನ್ನು ನೋಡಿದ್ದು ಒಳ್ಳೆಯದಾಯಿತು, ಯಾಕೆಂದರೆ ನಾವು ಹೋಗುತ್ತಿದ್ದ ಹೋಟೆಲು ಇಂಥದ್ದೆಲ್ಲವನ್ನೂ ಕಂಡು ಉಳಿದುಕೊಂಡದ್ದು.

ಅದೇ ಆರ್ಲಿಯನ್ಸ್ ಅವೆನ್ಯೂದ ಡೂಕಿ ಚೇಸ್. 1941ರಲ್ಲಿ ಸ್ಯಾಂಡ್‌ವಿಚ್ ಮಾರುವ ಸಣ್ಣ ಅಂಗಡಿಯಾಗಿ ಶುರುವಾಯಿತು. ಆ ಮನೆಗೆ ಸೊಸೆಯಾಗಿ ಬಂದ ಲೀಯಾ ಚೇಸ್ ಅದನ್ನು ಬಿಳಿ ಮೇಜುಬಟ್ಟೆ ಹಾಸಿದ ದೊಡ್ಡ ರೆಸ್ಟೋರೆಂಟ್ ಮಾಡಿದರು. ಮದುವೆಗೆ ಮುಂಚೆ ಫ್ರೆಂಚ್ ಕ್ವಾರ್ಟರ್‌ನಲ್ಲಿ ಬಡಿಸುವ ಕೆಲಸ ಮಾಡಿದ್ದವರು. ತಾನು ಬಡಿಸಬಹುದಿತ್ತು, ಅಲ್ಲೇ ಗಿರಾಕಿಯಾಗಿ ಕೂರುವ ಹಾಗಿರಲಿಲ್ಲ. ಅಂಥ ಊಟದ ಮನೆ ನಮ್ಮ ಜನಕ್ಕೂ ಇರಲಿ ಅಂತ ಕಟ್ಟಿದರು. ಕಪ್ಪು ಬಿಳಿ ಜನ ಒಟ್ಟಿಗೆ ಕೂತು ಉಣ್ಣುವುದೇ ಕಾನೂನಿಗೆ ವಿರುದ್ಧವಾಗಿದ್ದಾಗ ಇಲ್ಲಿನ ಮಹಡಿಯ ಕೋಣೆಯಲ್ಲಿ ನಾಗರಿಕ ಹಕ್ಕುಗಳ ಹೋರಾಟಗಾರರು ಸೇರಿ ಗಂಬೋ ತಿನ್ನುತ್ತಾ ಮುಂದಿನ ಹೆಜ್ಜೆ ಮಾತಾಡುತ್ತಿದ್ದರು. ಮಾರ್ಟಿನ್ ಲೂಥರ್ ಕಿಂಗ್ ಕೂಡ ಬಂದಿದ್ದರು. 2005ರ ಕತ್ರೀನಾ ಚಂಡಮಾರುತಕ್ಕೆ ಹೋಟೆಲಿಗೆ ನೀರು ನುಗ್ಗಿತು. ಎಂಬತ್ತರ ಆಸುಪಾಸಿನ ಗಂಡ ಹೆಂಡತಿ ಎದುರಿಗೇ ಸರ್ಕಾರ ಕೊಟ್ಟ ಟ್ರೈಲರ್ ಅನ್ನುವ ಗಾಲಿ ಮನೆಯಲ್ಲಿ ಉಳಿದುಕೊಂಡು 2007ರಲ್ಲಿ ಮತ್ತೆ ಬಾಗಿಲು ತೆರೆದರು. ಲೀಯಾ 2019ರಲ್ಲಿ, 96ನೇ ವಯಸ್ಸಿನಲ್ಲಿ ತೀರಿಕೊಂಡರು. ಕೊನೆವರೆಗೂ ಅಡುಗೆಮನೆ ಬಿಡಲಿಲ್ಲ. ಈಗ ಮನೆಯವರೇ ನಡೆಸುತ್ತಿದ್ದಾರೆ. ಗೋಡೆ ತುಂಬಾ ಆಫ್ರಿಕನ್ ಅಮೆರಿಕನ್ ಕಲಾವಿದರ ಚಿತ್ರಗಳು, ಊಟಕ್ಕೆ ಮೊದಲು ಒಂದು ಸುತ್ತು ಹಾಕಿ ನೋಡಿ.

ಗಂಬೋ ಬಂತು. ಅದರ ಬುಡದಲ್ಲಿರುವುದು ರೂ, ಅಂದರೆ ಹಿಟ್ಟನ್ನು ಎಣ್ಣೆಯಲ್ಲೋ ಬೆಣ್ಣೆಯಲ್ಲೋ ಸಣ್ಣ ಉರಿಯಲ್ಲಿ ಕೈ ಬಿಡದೆ ಕಂದು ಬಣ್ಣಕ್ಕೆ ಹುರಿಯುವುದು. ಆಮೇಲೆ ಈರುಳ್ಳಿ, ಸೆಲರಿ, ದಪ್ಪ ಮೆಣಸಿನಕಾಯಿ. ಗಟ್ಟಿ ಬರಲು ಕೆಲವರು ಬೆಂಡೆಕಾಯಿ ಹಾಕುತ್ತಾರೆ, ಅದು ಆಫ್ರಿಕಾದಿಂದ ಗುಲಾಮರ ಜೊತೆ ಬಂದ ತರಕಾರಿ. ಕೆಲವರು ಫಿಲೇ ಪುಡಿ ಹಾಕುತ್ತಾರೆ, ಸ್ಯಾಸಫ್ರಾಸ್ ಮರದ ಒಣಗಿದ ಎಲೆಯ ಪುಡಿ, ಅದನ್ನು ಕಲಿಸಿದವರು ಅಲ್ಲಿನ ಮೂಲನಿವಾಸಿ ಚೊಕ್ಟಾ ಜನ. ಒಂದು ಬಟ್ಟಲಲ್ಲಿ ಏಡಿ, ಸೀಗಡಿ, ಕೋಳಿ, ಸಾಸೇಜ್ ಎಲ್ಲಾ ಇತ್ತು, ಆದರೂ ಸಾರು ತೆಳ್ಳಗೆ, ಹದವಾಗಿ, ಒಂದೊಂದರ ರುಚಿಯೂ ಬೇರೆಬೇರೆಯಾಗಿ ಗೊತ್ತಾಗುವ ಹಾಗಿತ್ತು. ಹಿಂದಿನ ರಾತ್ರಿಯ ಆ ಸೀದ ವಾಸನೆ ಇಲ್ಲಿ ಹುಡುಕಿದರೂ ಇರಲಿಲ್ಲ. ಮೇಜಿನ ಮೇಲಿದ್ದ ಖಾರದ ಸಾಸ್ ಬಾಟಲಿಗೆ ಕೈ ಹಾಕಲು ಹೋದ ಭಾವನನ್ನು ನಾನು ತಡೆದೆ. 2008ರಲ್ಲಿ ಒಬಾಮಾ ಇಲ್ಲಿಗೆ ಬಂದು, ರುಚಿ ನೋಡುವ ಮೊದಲೇ ಗಂಬೋಗೆ ಸಾಸ್ ಸುರಿದುಕೊಂಡು ಲೀಯಾ ಅವರಿಂದ ಬೈಸಿಕೊಂಡಿದ್ದರು. ರುಚಿ ನೋಡಿದ ಮೇಲೆ ಭಾವ ಬಾಟಲಿ ಮುಟ್ಟಲಿಲ್ಲ.

ಬಡಿಸಲು ಬಂದ ಹಿರಿಯ ಹೆಂಗಸಿಗೆ ನಾವು ಎಲ್ಲವನ್ನೂ ಕೇಳಿ ಕೇಳಿ ತಿನ್ನುತ್ತಿದ್ದದ್ದು ಖುಷಿ ಕೊಟ್ಟಿತೇನೋ, ಸ್ವಲ್ಪ ಹೊತ್ತು ನಿಂತು ಮಾತಾಡಿದರು. ಈಸ್ಟರ್‌ಗೆ ಮುಂಚಿನ ಪವಿತ್ರ ಗುರುವಾರ ಮಾತ್ರ ಮಾಡುವ ಗಂಬೋ ಝೆರ್ಬ್ ಬಗ್ಗೆ ಹೇಳಿದ್ದು ಅವರೇ. ಸಾಸಿವೆ ಸೊಪ್ಪು, ಕಾಲರ್ಡ್, ಟರ್ನಿಪ್ ಸೊಪ್ಪು, ಬೀಟ್ರೂಟ್ ಸೊಪ್ಪು, ಕ್ಯಾರೆಟ್ ಸೊಪ್ಪು, ಕೋಸು, ಪಾಲಕ್, ಹೀಗೆ ಹಲವು ಸೊಪ್ಪು ಬೇಯಿಸಿ ಅರೆದು ಮಾಡುವ ಗಂಬೋ. ಸೊಪ್ಪಿನ ಲೆಕ್ಕ ಬೆಸ ಸಂಖ್ಯೆಯಲ್ಲೇ ಇರಬೇಕು. ಎಷ್ಟು ಬಗೆ ಸೊಪ್ಪು ಹಾಕಿದರೆ ಆ ವರ್ಷ ಅಷ್ಟು ಹೊಸ ಸ್ನೇಹಿತರು ಸಿಗುತ್ತಾರೆ ಅಂತ ನಂಬಿಕೆ. ನನಗೆ ಕಣ್ಣ ಮುಂದೆ ಬಂದದ್ದು ನಮ್ಮ ಅಜ್ಜಿಯ ಬೆರಕೆ ಸೊಪ್ಪಿನ ಸಾರು, ಮಳೆ ಬಿದ್ದ ಮೇಲೆ ರಾಗಿ ಹೊಲದ ಬದುಗಳಲ್ಲಿ ಬಗ್ಗಿ ಬಗ್ಗಿ ಕಿತ್ತು ತರುತ್ತಿದ್ದ ಅಣ್ಣೆ, ಗಣಿಕೆ, ದಗ್ಗಲ ಸೊಪ್ಪು. ಅಕ್ಕನೂ ಅದನ್ನೇ ನೆನೆಸಿಕೊಂಡಳು. "ಅಜ್ಜಿನ ಇಲ್ಲಿಗೆ ಕರ್ಕೊಂಡು ಬಂದಿದ್ರೆ ಈಯಮ್ಮನ ಜೊತೆ ಅಡುಗೆಮನೆಗೇ ಹೋಗ್ಬಿಡ್ತಿದ್ರು, ಅಲ್ವಾ" ಅಂದಳು.

ಸಸ್ಯಾಹಾರಿಗಳಿಗೆ ಒಂದು ಮಾತು ಹೇಳಲೇಬೇಕು. ಸೊಪ್ಪಿನ ಗಂಬೋ ಅಂತ ಹೆಸರು ಕೇಳಿ ಮೋಸ ಹೋಗಬೇಡಿ, ಅದರೊಳಗೆ ಹಂದಿ, ದನದ ಮಾಂಸ ಎಲ್ಲಾ ಇರುತ್ತದೆ, ಯಾಕೆಂದರೆ ಮರುದಿನ ಗುಡ್ ಫ್ರೈಡೇ ಉಪವಾಸ. ಮಾಮೂಲಿ ಗಂಬೋದಲ್ಲೂ ಸಾಸೇಜ್, ಹ್ಯಾಮ್ ಇರಬಹುದು. ಕಾಳಿನ ಪಲ್ಯ, ಸೊಪ್ಪಿನ ಪಲ್ಯಕ್ಕೂ ರುಚಿಗೆ ಅಂತ ಹಂದಿ ಮೂಳೆ ಹಾಕುವುದು ಅಲ್ಲಿ ಮಾಮೂಲು. ಮುಜುಗರ ಪಡದೆ ಕೇಳಿ, ಬೇಸರವಿಲ್ಲದೆ ಹೇಳುತ್ತಾರೆ. ನಮ್ಮ ಅಕ್ಕ ಬೇಕ್ ಮಾಡಿದ ಮ್ಯಾಕರೋನಿ, ಸಲಾಡ್, ಕೊನೆಗೆ ಪೀಚ್ ಹಣ್ಣಿನ ಕಾಬ್ಲರ್ ಅನ್ನುವ ಬೇಕ್ ಮಾಡಿದ ಸಿಹಿ ತಿಂದಳು, ಹೊಟ್ಟೆ ತುಂಬಿತು, ಆದರೆ ಈ ಅಡುಗೆಯ ಜೀವ ಅವಳಿಗೆ ಸಿಗಲಿಲ್ಲ ಅನ್ನುವುದು ನಿಜ. ದನ, ಹಂದಿ ಬೇಡ, ಕೋಳಿ ಮೀನು ಆಗುತ್ತೆ ಅನ್ನುವವರಿಗೆ ತೊಂದರೆ ಇಲ್ಲ. ಭಾವ ಆ ಹೆಂಗಸನ್ನು ಕೇಳಿಕೊಂಡು ನನ್ನ ಬಟ್ಟಲಿನಿಂದ ಬರೀ ಸಾರು, ಸೀಗಡಿ ಒಂದು ಚಮಚ ರುಚಿ ನೋಡಿದ್ದಷ್ಟೇ. ಅವರು ಪೂರ್ತಿ ತಿಂದದ್ದು ಕರಿದ ಕೋಳಿ, ಮತ್ತೆ ಶ್ರಿಂಪ್ ಕ್ಲೆಮಾನ್ಸೋ: ಸೀಗಡಿ, ಆಲೂಗಡ್ಡೆ, ಬಟಾಣಿ, ಅಣಬೆ, ಜೊತೆಗೆ ಬೆಣ್ಣೆ ಬೆಳ್ಳುಳ್ಳಿ. ಗರಿಗರಿ ಚರ್ಮದ ಆ ಕೋಳಿ ಅಂತೂ ಬಿಡಬೇಡಿ.

ಟ್ರೆಮೆಯಲ್ಲೇ ಎಸ್ಪ್ಲನೇಡ್ ಅವೆನ್ಯೂದ ಲಿಲ್ ಡಿಜ್ಜೀಸ್ ಕೆಫೆ ಇದೆ, ಬಿಳಿ ಬಟ್ಟೆ, ಗತ್ತು ಏನೂ ಇಲ್ಲದ ಮನೆ ಊಟದಂಥ ಜಾಗ, ಗಂಬೋ ಮತ್ತು ಕರಿದ ಕೋಳಿಗೆ ಊರಿನವರೇ ಬರುತ್ತಾರೆ. ಕ್ವಾರ್ಟರ್‌ನಲ್ಲೇ ಉಣ್ಣಬೇಕು ಅಂದರೆ 1840ರ ಆಂಟ್ವಾನ್ಸ್, 1905ರ ಗ್ಯಾಲಟ್ವಾರ್ಸ್ ಹಳೆಯ ಹೆಸರುಗಳು. ಅಲ್ಲಿ ಫ್ರೆಂಚ್ ಗುಣ ಜಾಸ್ತಿ, ಖರ್ಚೂ ಜಾಸ್ತಿ. ಗ್ಯಾಲಟ್ವಾರ್ಸ್‌ಗೆ ಸಂಜೆ ಹೋಗುವ ಗಂಡಸರು ಕೋಟು ಹಾಕಲೇಬೇಕು. ಇನ್ನು ಕೇಜನ್ ಅಂತ ಬೋರ್ಡು ಕಂಡರೆ ಅದು ಬೇರೆ ದಾರಿಯ ಅಡುಗೆ. ಕೆನಡಾ ಕಡೆಯಿಂದ ಬ್ರಿಟಿಷರು 1755ರಿಂದ ಓಡಿಸಿದ ಫ್ರೆಂಚ್ ಭಾಷೆಯ ಜನ ಲೂಸಿಯಾನಾದ ಹಳ್ಳಿಗಾಡಿನಲ್ಲಿ ಬೆಳೆಸಿದ್ದು. ಜಂಬಲಾಯ ಅಂದರೆ ಮಾಂಸ, ಸೀಗಡಿ ಹಾಕಿ ಒಟ್ಟಿಗೇ ಬೇಯಿಸಿದ ಅನ್ನ. ಟೊಮ್ಯಾಟೋ ಹಾಕಿದ ಕೆಂಪು ಜಂಬಲಾಯ ಊರಿನ ಕ್ರಿಯೋಲರದ್ದು, ಹಾಕದ ಕಂದು ಜಂಬಲಾಯ ಈ ಕೇಜನ್ ಜನರದ್ದು.

ಸೋಮವಾರದವರೆಗೆ ಇರುವಂತಿದ್ದರೆ ಕೆಂಪು ಬೀನ್ಸ್ ಅನ್ನ ತಿಂದೇ ಹೊರಡಿ. ಹಿಂದೆ ಸೋಮವಾರ ಬಟ್ಟೆ ಒಗೆಯುವ ದಿನ, ಹೆಂಗಸರು ಕಾಳನ್ನು ಒಲೆ ಮೇಲಿಟ್ಟು ಒಗೆಯಲು ಹೋಗುತ್ತಿದ್ದರು, ಅದು ತನ್ನಷ್ಟಕ್ಕೆ ಬೇಯುತ್ತಿತ್ತು. ಈಗಲೂ ಊರಿನ ಎಷ್ಟೋ ಹೋಟೆಲುಗಳಲ್ಲಿ ಸೋಮವಾರ ಅದೇ ಊಟ. ಆದರೆ ವಾರಕ್ಕೆ ಕೆಲವು ದಿನ ಬಾಗಿಲು ಹಾಕುವ ಜಾಗಗಳೇ ಜಾಸ್ತಿ, ಅದಕ್ಕೇ ಹೊರಡುವ ಮುಂಚೆ ಫೋನ್ ಮಾಡಿ ವಾರ, ಹೊತ್ತು ಎರಡನ್ನೂ ಕೇಳಿಕೊಂಡು, ಡೂಕಿ ಚೇಸ್‌ಗೆ ಆದರೆ ಮೇಜು ಕಾದಿರಿಸಿಕೊಂಡೇ ಹೋಗಿ.