ಲ್ಯಾನ್ ಪಾರ್ಟಿಯ ಶನಿವಾರ ರಾತ್ರಿ: ಆಡಿದ್ದಕ್ಕಿಂತ ಕೇಬಲ್ ಹಿಂದೆ ಓಡಿದ್ದೇ ಜಾಸ್ತಿ

ಲ್ಯಾನ್ ಪಾರ್ಟಿ ಅಂದ್ರೆ ತಂತಮ್ಮ ಪಿಸಿ ಹೊತ್ಕೊಂಡು ಬಂದು, ಒಂದೇ ಹಾಲಿನಲ್ಲಿ ಒಂದೇ ನೆಟ್‌ವರ್ಕಿಗೆ ಸೇರಿಸಿ ಒಟ್ಟಿಗೆ ಗೇಮ್ ಆಡೋದು. ಅದಕ್ಕೆ ಹೋಗ್ಬಂದೆ ಅಂದ್ರೆ ಎಲ್ರೂ ಮೊದ್ಲು ಕೇಳೋದು ಯಾವ ಗೇಮ್ ಆಡ್ದೆ, ಗೆದ್ಯಾ ಅಂತ. ಈ ಸಲ ನಾನು ಬರೀ ಸೀಟ್ ಬುಕ್ ಮಾಡಿರ್ಲಿಲ್ಲ, ಕ್ರೂಗೂ ಹೆಸರು ಕೊಟ್ಟಿದ್ದೆ, ನೆಟ್‌ವರ್ಕ್ ಟೀಮಿಗೆ ಹಾಕಿದ್ರು, ಹಾಗಾಗಿ ಆಡಿದ್ದು ಕಮ್ಮಿ. ಆದ್ರೂ ಇಷ್ಟು ಖುಷಿಯಾಗಿ ಯಾವ ಟ್ರಿಪ್ಪಿಂದಾನೂ ವಾಪಸ್ ಬಂದಿಲ್ಲ, ಅದಕ್ಕೆ ಕಾರಣ ಶನಿವಾರ ರಾತ್ರಿ. ಅದನ್ನ ಬರೆಯೋಕೇ ಕೂತಿದ್ದು. ಅದಕ್ಕೆ ಮುಂಚೆ ಪ್ರಯಾಣದ್ದು ಒಂದು ವಿಷಯ ಹೇಳ್ಬಿಡ್ತೀನಿ, ಯಾಕಂದ್ರೆ ಆ ಸಿಟ್ಟು ಇನ್ನೂ ಇಳಿದಿಲ್ಲ.

ರಾತ್ರಿ ಬಸ್ಸು. ಸಿಪಿಯು ಡಬ್ಬ ಅದರ ಒರಿಜಿನಲ್ ಬಾಕ್ಸಲ್ಲೇ ಇತ್ತು, ಸುತ್ತ ಥರ್ಮಾಕೋಲ್, ಮೇಲೆ ದೊಡ್ಡ ಬಾಣದ ಗುರುತು. ಲಗೇಜ್ ಹಾಕೋರಿಗೆ ಎರಡೆರಡು ಸಲ ಹೇಳಿದ್ದೆ, ನಿಲ್ಲಿಸಿಯೇ ಇಡಿ, ಒಳಗೆ ಗಾಜಿದೆ ಅಂತ. ಬೆಳಿಗ್ಗೆ ಇಳಿಸುವಾಗ ನೋಡಿದ್ರೆ ಅಡ್ಡ ಬಿದ್ದಿದೆ, ಮೇಲೆ ಎರಡು ದಪ್ಪ ಸೂಟ್‌ಕೇಸ್. ಹಾಲಿಗೆ ಹೋಗಿ ಸೈಡ್ ಪ್ಯಾನೆಲ್ ಬಿಚ್ಚಿದ್ರೆ ಗ್ರಾಫಿಕ್ಸ್ ಕಾರ್ಡ್ ಸ್ಲಾಟಿಂದ ಅರ್ಧ ಎದ್ದು ಬಂದಿತ್ತು, ಸ್ಲಾಟಿನ ತುದೀಲಿರೋ ಪ್ಲಾಸ್ಟಿಕ್ ಲಾಕ್ ಮುರಿದು ಕೇಸಿನ ತಳದಲ್ಲಿ ಬಿದ್ದಿತ್ತು. ಪುಣ್ಯಕ್ಕೆ ಹಿಂದಿನ ಸ್ಕ್ರೂ ಹಿಡ್ಕೊಂಡಿದ್ರಿಂದ ಕಾರ್ಡ್ ಉಳೀತು. ಲ್ಯಾನಿಗೆ ಡೆಸ್ಕ್‌ಟಾಪ್ ಹೊತ್ಕೊಂಡು ಹೋಗೋರು ದಯವಿಟ್ಟು ಕೇಳಿ: ಈಗಿನ ದೊಡ್ಡ ಕಾರ್ಡ್‌ಗಳು ಒಂದೊಂದು ಕಿಲೋ ದಾಟುತ್ತೆ, ಬಿಚ್ಚಿ ಆಂಟಿಸ್ಟಾಟಿಕ್ ಕವರಲ್ಲಿ ಹಾಕಿ ಕೈ ಬ್ಯಾಗಲ್ಲೇ ಇಟ್ಕೊಳ್ಳಿ. ಎತ್ತರದ ಏರ್ ಕೂಲರ್ ಇದ್ರೆ ಅದನ್ನೂ ಬಿಚ್ಚಿ, ಮದರ್‌ಬೋರ್ಡೇ ಬಗ್ಗುತ್ತೆ. ಬೇರೆಯವರ ಕೈಗೆ ಕೊಟ್ಟ ಮೇಲೆ ಬಾಣದ ಗುರುತು ಯಾರೂ ನೋಡಲ್ಲ.

ಶುಕ್ರವಾರ ಪೂರ್ತಿ ಸೆಟಪ್. ನೂರು ಸೀಟಿನ ಹಾಲು, ಉದ್ದುದ್ದ ಟೇಬಲ್ ಸಾಲು. ಕರೆಂಟ್ ನೋಡ್ಕೊಳ್ತಿದ್ದೋರು ಎಲೆಕ್ಟ್ರಿಷಿಯನ್, ವಯಸ್ಸಾದೋರು, ಗೇಮ್ ಆಡೋರೇ ಅಲ್ಲ, ಎಲ್ರೂ ಅಣ್ಣ ಅಂತಿದ್ರು. ಅವ್ರ ಲೆಕ್ಕ ಸೀದಾ. 230 ವೋಲ್ಟಿನ 16 ಆಂಪ್ ಲೈನ್ ಅಂದ್ರೆ 3,680 ವ್ಯಾಟ್, ಒಂದು ಪಿಸಿ ಮಾನಿಟರ್ ಸೇರಿ 500 ಅಂತ ಹಿಡಿದ್ರೆ ಒಂದು ಲೈನಿಗೆ ಆರು ಸೀಟು, ಏಳನೇದು ಬೇಡ್ವೇ ಬೇಡ. ಪ್ರತಿ ಎಕ್ಸ್‌ಟೆನ್ಷನ್ ಬೋರ್ಡಿಗೂ ಟೇಪ್ ಅಂಟಿಸಿ ಯಾವ ಲೈನ್, ಯಾವ ಸೀಟು ಅಂತ ಮಾರ್ಕರಲ್ಲಿ ಬರೆಸಿದ್ರು. ಜನ ಲ್ಯಾನ್ ಅಂದ್ರೆ ಪಿಂಗ್ (ಸಿಗ್ನಲ್ ಹೋಗಿ ಬರೋ ಟೈಮು) ಬಗ್ಗೆ ಮಾತಾಡ್ತಾರೆ, ನನ್ನ ಕೇಳಿದ್ರೆ ಲ್ಯಾನ್ ಅಂದ್ರೆ ಮೊದ್ಲು ಕರೆಂಟು.

ಆಮೇಲೆ ನೆಟ್‌ವರ್ಕು. ಟೀಮಿನ ಲೀಡ್ ಒಬ್ರು ಅಕ್ಕ, ಐವತ್ತರ ಹತ್ರ ವಯಸ್ಸು, ದಿನಾ ಕೆಲ್ಸಾನೂ ಅದೇ. ಮಧ್ಯದಲ್ಲಿ ಒಂದು ಮ್ಯಾನೇಜ್ಡ್ ಸ್ವಿಚ್ (ಕೇಬಲ್‌ಗಳನ್ನ ಕೂಡಿಸೋ ಡಬ್ಬ, ಯಾವ ಪೋರ್ಟಲ್ಲಿ ಏನಿದೆ ಅಂತಾನೂ ಹೇಳುತ್ತೆ), ಅಲ್ಲಿಂದ ಪ್ರತಿ ಸಾಲಿಗೂ ಒಂದು ಕೇಬಲ್, ಸಾಲಲ್ಲಿ ಒಂದು ಸಾಧಾರಣ 24 ಪೋರ್ಟಿನ ಸ್ವಿಚ್. ಅಪ್‌ಡೇಟಿಗೆ ಲ್ಯಾನ್‌ಕ್ಯಾಶ್ ಹಾಕಿದ್ವಿ, ಒಬ್ರು ಇಳಿಸಿದ ಫೈಲನ್ನ ಹಾಲಿನಲ್ಲೇ ಇಟ್ಕೊಂಡು ಮಿಕ್ಕವರಿಗೆ ಅದನ್ನೇ ಕೊಡುತ್ತೆ. ಇದು ಯಾಕೆ ಬೇಕು ಅಂದ್ರೆ, 30 ಜಿಬಿ ಪ್ಯಾಚು 100 ಎಂಬಿಪಿಎಸ್ ಲೈನಲ್ಲಿ ಒಬ್ರಿಗೇ 40 ನಿಮಿಷ, ನೂರು ಜನಾನೂ ಹೊರಗಿಂದಾನೇ ಎಳೆದ್ರೆ ಎರಡೂಮುಕ್ಕಾಲು ದಿನ. ಅಷ್ಟೊತ್ತಿಗೆ ಪಾರ್ಟಿ ಮುಗಿದು ಎಲ್ರೂ ಮನೇಲಿರ್ತಾರೆ. ಶುಕ್ರವಾರ ರಾತ್ರಿ ಏಜ್ ಆಫ್ ಎಂಪೈರ್ಸ್ 2 ಎಂಟು ಜನರ ಮ್ಯಾಚ್ ಒಂದು, ಕ್ವೇಕ್ 3 ಸ್ವಲ್ಪ. ಎರಡೂ 1999ರ ಗೇಮು, ಲ್ಯಾನಲ್ಲಿ ಇವಕ್ಕಿಂತ ಚೆನ್ನಾಗಿರೋದು ನಾನು ಆಡಿಲ್ಲ. ಹೊಸ ಗೇಮುಗಳಲ್ಲಿ ಎಷ್ಟೋ ಪಕ್ಕಪಕ್ಕದಲ್ಲಿ ಕೂತಿದ್ರೂ ದೂರದ ಸರ್ವರಿಗೆ ಹೋಗಿ ಬರ್ಬೇಕು, ಅದು ನನಗೆ ಒಂದು ಚೂರೂ ಇಷ್ಟ ಇಲ್ಲ.

ಶನಿವಾರ ಹಗಲು ಸುಮ್ನೆ ಕಳೀತು, ಟೂರ್ನಮೆಂಟ್ ಶುರು. ರಾತ್ರಿ ಒಂದು ಗಂಟೆ ಆಗಿತ್ತು ಅನ್ಸುತ್ತೆ, ಯಾರೋ ನೀರು ಕಾಯಿಸೋ ಕೆಟಲ್ ತಂದು ಸೀಟಿನ ಬೋರ್ಡಿಗೇ ಚುಚ್ಚಿದ್ರು. ಅದೊಂದೇ 2,000 ವ್ಯಾಟ್. ಲೈನ್ ಟ್ರಿಪ್ ಆಯ್ತು, ಆರು ಸೀಟು ಕತ್ತಲೆ. ಅಣ್ಣ ಬಂದು ಕೆಟಲ್ ಕಿತ್ತು ಎರಡು ನಿಮಿಷದಲ್ಲಿ ಬ್ರೇಕರ್ ಎತ್ತಿದ್ರು. ಅಲ್ಲಿಗೆ ಮುಗೀಬೇಕಿತ್ತು. ಆದ್ರೆ ಆ ಆರೂ ಜನ ಪಿಸಿ ಆನ್ ಮಾಡಿದ್ರೆ ಯಾರಿಗೂ ಗೇಮ್ ಸರ್ವರ್ ಸಿಕ್ತಿಲ್ಲ. ಕೇಬಲ್ ಸರಿ ಇದೆ, ಸ್ವಿಚ್ಚಿನ ಲೈಟ್ ಮಿನುಗ್ತಿದೆ. ನಾನು ಒಂದು ಪಿಸೀಲಿ ಐಪಿ (ನೆಟ್‌ವರ್ಕಲ್ಲಿ ಆ ಪಿಸಿಯ ಅಡ್ರೆಸ್) ನೋಡಿದೆ, 192.168.0 ಇಂದ ಶುರುವಾಗಿತ್ತು. ನಮ್ಮ ಹಾಲಿನ ಐಪಿ ಎಲ್ಲ 10 ಇಂದ ಶುರು. ಅಂದ್ರೆ ನಮ್ಮದಲ್ಲದ ಯಾವುದೋ ಡಬ್ಬ ಹಾಲಿನಲ್ಲಿ ಅಡ್ರೆಸ್ ಹಂಚ್ತಿದೆ (ಈ ಹಂಚೋ ಕೆಲ್ಸಕ್ಕೆ ಡಿಎಚ್‌ಸಿಪಿ ಅಂತಾರೆ). ಯಾರೋ ಮನೆ ರೂಟರ್ ತಂದು ಅದರ ಲ್ಯಾನ್ ಪೋರ್ಟಿಗೆ ನಮ್ಮ ಕೇಬಲ್ ಹಾಕಿದಾರೆ. ಮೊದ್ಲಿಂದ ಆನ್ ಇದ್ದವರಿಗೆ ಏನೂ ಗೊತ್ತಾಗಲ್ಲ, ಹೊಸದಾಗಿ ಆನ್ ಮಾಡೋರು ಯಾರು ಮೊದ್ಲು ಉತ್ತರ ಕೊಟ್ರೋ ಅವ್ರ ಅಡ್ರೆಸ್ ತಗೋತಾರೆ. ಹತ್ತು ನಿಮಿಷ ಬಿಟ್ರೆ ಇನ್ನೂ ನಾಲ್ಕು ಜನ ಕೈ ಎತ್ತಿದ್ರು.

ಅಕ್ಕ ಓಡ್ಲಿಲ್ಲ. ಕೆಟ್ಟಿರೋ ಪಿಸೀಲಿ ಆ ರೂಟರಿನ ಮ್ಯಾಕ್ ಅಡ್ರೆಸ್ (ಪ್ರತಿ ಡಬ್ಬಕ್ಕೂ ಇರೋ ಅದರದ್ದೇ ಗುರುತಿನ ನಂಬರ್) ತೆಗೆಸಿ ನನ್ನ ಕೈಲಿ ಕಾಗದದ ಮೇಲೆ ಬರೆಸಿದ್ರು, ಮಧ್ಯದ ಸ್ವಿಚ್ಚಲ್ಲಿ ಅದನ್ನ ಹುಡುಕಿದ್ರು. ಒಂಬತ್ತನೇ ಪೋರ್ಟು, ಅಂದ್ರೆ ಒಂಬತ್ತನೇ ಸಾಲು. ಅಲ್ಲಿಂದ ಮುಂದೆ ಸ್ವಿಚ್ ಸಾಧಾರಣದ್ದು, ಅದು ಏನೂ ಹೇಳಲ್ಲ. ಒಂದೇ ದಾರಿ, ನಾನು ಲ್ಯಾಪ್‌ಟಾಪಲ್ಲಿ ಆ ರೂಟರಿಗೆ ಪಿಂಗ್ (ಇದೀಯಾ ಅಂತ ಮತ್ತೆ ಮತ್ತೆ ಕೇಳೋ ಸಣ್ಣ ಸಂದೇಶ) ಬಿಟ್ಕೊಂಡು ಕೂರ್ಬೇಕು, ಅವ್ರು ಒಂದೊಂದೇ ಕೇಬಲ್ ಕೀಳ್ಬೇಕು, ಯಾವುದು ಕಿತ್ತಾಗ ಪಿಂಗ್ ನಿಲ್ಲುತ್ತೋ ಅದೇ.

ಕಷ್ಟ ಏನಂದ್ರೆ ಅದೇ ಸಾಲಲ್ಲಿ ಕೌಂಟರ್-ಸ್ಟ್ರೈಕ್ ಸೆಮಿಫೈನಲ್ ನಡೀತಿತ್ತು. ಅವ್ರ ಮ್ಯಾಚಿಗೆ ಏನೂ ಆಗಿರ್ಲಿಲ್ಲ, ಅವ್ರಿಗೆ ಹಳೇ ಅಡ್ರೆಸ್ಸೇ ಇತ್ತು. ನಮಗೋಸ್ಕರ ನಿಲ್ಲಿಸಿ ಅಂತ ಕೇಳೋಕೆ ನನಗೆ ಬಾಯೇ ಬರ್ಲಿಲ್ಲ. ಅಕ್ಕ ಹೋಗಿ ಮುಂದಿದ್ದ ಟೀಮಿನ ಕ್ಯಾಪ್ಟನ್ ಭುಜ ಮುಟ್ಟಿ, "ಹತ್ತು ಜನಕ್ಕೆ ಆಡೋಕಾಗ್ತಿಲ್ಲಪ್ಪ, ಈ ರೌಂಡ್ ಮುಗಿದ ಮೇಲೆ ಐದು ನಿಮಿಷ ಕೊಡ್ತೀರಾ?" ಅಂದ್ರು. ಅವ್ನು ಹೆಡ್‌ಫೋನ್ ತೆಗೆದು ಕೇಳಿಸ್ಕೊಂಡ, ಎದುರಿನ ಟೀಮಿಗೆ ಕೂಗಿ ಹೇಳ್ದ, ರೌಂಡ್ ಮುಗಿದ ಕೂಡ್ಲೇ ಮ್ಯಾಚ್ ನಿಲ್ಲಿಸಿದ್ರು. ಆಮೇಲೆ ಆಗಿದ್ದನ್ನ ನಾನು ನಿರೀಕ್ಷೆ ಮಾಡಿರ್ಲಿಲ್ಲ. ಆ ಸಾಲಿನಲ್ಲಿ ಎದ್ದಿದ್ದೋರೆಲ್ಲ ಕುರ್ಚಿ ಬಿಟ್ಟು ಟೇಬಲ್ ಹಿಂದೆ ಬಂದು ತಂತಮ್ಮ ಕೇಬಲ್ ಬೆರಳಲ್ಲಿ ಹಿಡ್ಕೊಂಡು ನಿಂತ್ರು, ಸೆಮಿಫೈನಲ್ ಆಡ್ತಿದ್ದೋರೂ. ಅಕ್ಕ ನಂಬರ್ ಕೂಗ್ತಾರೆ, ಅವ್ರು ಕೀಳ್ತಾರೆ, ನಾನು "ಇನ್ನೂ ಬರ್ತಿದೆ" ಅಂತೀನಿ, ಅವ್ರು ಟಕ್ ಅಂತ ವಾಪಸ್ ಹಾಕ್ತಾರೆ. ಯಾವನು ಮಾಡಿದ್ದು ಅಂತ ಒಬ್ರೂ ಕೇಳ್ಲಿಲ್ಲ. ಹದಿನೇಳನೇದು ಕಿತ್ತಾಗ ನನ್ನ ಸ್ಕ್ರೀನಲ್ಲಿ ಪಿಂಗ್ ನಿಂತ್ಹೋಯ್ತು. "ನಿಂತ್ತು!" ಅಂದೆ, ಸಾಲಿಡೀ ಚಪ್ಪಾಳೆ.

ಕೇಬಲ್ ಹಿಡ್ಕೊಂಡು ಹೋದ್ರೆ ಟೇಬಲ್ ಕೆಳಗೆ ರೂಟರು, ಅದರ ಪಕ್ಕ ಸ್ಲೀಪಿಂಗ್ ಬ್ಯಾಗಲ್ಲಿ ಅದರ ಓನರ್, ಗಾಢ ನಿದ್ದೆ. ನಾನು ಎಬ್ಬಿಸೋಕೆ ಹೋದೆ. ಅಕ್ಕ ಬೇಡ ಅಂದ್ರು. ಒಂದು ಚೀಟಿ ಬರೆದು ರೂಟರಿಗೆ ಅಂಟಿಸಿದ್ರು: "ಇದರಲ್ಲಿ ಡಿಎಚ್‌ಸಿಪಿ ಆಫ್ ಮಾಡಿ ಹಾಕ್ಕೋ, ಆಮೇಲೆ ತೊಂದ್ರೆ ಇಲ್ಲ. ಬರ್ಲಿಲ್ಲ ಅಂದ್ರೆ ಡೆಸ್ಕಿಗೆ ಬಾ." ಅಷ್ಟೇ.

ಮೂರು ಗಂಟೆ ಮೇಲೆ ನಮ್ಮ ಡೆಸ್ಕಿನ ಹತ್ರ ಗಲಾಟೆ ಕಮ್ಮಿಯಾಯ್ತು. ನಿಮಗೆ ಸಿಟ್ಟು ಬರ್ಲಿಲ್ವಾ ಅಕ್ಕ, ಅಂತ ಕೇಳಿದೆ. ಅವ್ರು ಉತ್ತರ ಕೊಡೋ ಬದ್ಲು ಟೂಲ್ ಬಾಕ್ಸಿನ ತಳದಿಂದ ಒಂದು ಸಣ್ಣ ಲೋಹದ ವಸ್ತು ತೆಗೆದು ನನ್ನ ಅಂಗೈ ಮೇಲೆ ಇಟ್ರು. ಟಿ ಆಕಾರ, ಹೆಬ್ಬೆರಳಷ್ಟು, ತೂಕ ಚೆನ್ನಾಗಿದೆ, ಒಂದು ತುದೀಲಿ ಒತ್ತಿ ತಿರುಗಿಸಿ ಲಾಕ್ ಮಾಡೋ ಬಳೆ. ಬಿಎನ್‌ಸಿ ಟಿ-ಕನೆಕ್ಟರ್, ಹಳೇ ಕಾಲದ ನೆಟ್‌ವರ್ಕ್ ವೈರನ್ನ ಪಿಸಿಗೆ ಸೇರಿಸೋ ಕೊಂಡಿ.

"ಡೂಮ್ ಗೇಮ್ ಬಂದಿದ್ದು 1993ರ ಡಿಸೆಂಬರಲ್ಲಿ. ನಾಲ್ಕು ಜನ ಒಟ್ಟಿಗೆ ಆಡ್ಬೋದಿತ್ತು. ಆಗ ನಮ್ಮ ಹತ್ರ ಸ್ವಿಚ್ ಎಲ್ಲಿ ಬರ್ಬೇಕು, ಟಿವಿ ಕೇಬಲ್ ಥರದ ಒಂದು ಕೋಆಕ್ಸ್ ವೈರು, ಒಬ್ರ ಪಿಸಿಯಿಂದ ಇನ್ನೊಬ್ರದಕ್ಕೆ, ಅಲ್ಲಿಂದ ಮತ್ತೊಬ್ರದಕ್ಕೆ. ಎರಡು ತುದೀಲೂ 50 ಓಮ್ ಟರ್ಮಿನೇಟರ್ ಹಾಕ್ಬೇಕು, ಸಿಗ್ನಲ್ ವಾಪಸ್ ಪುಟಿಯದ ಹಾಗೆ ತಡೆಯೋ ಮುಚ್ಚಳ. ಒಂದು ಸಡಿಲ ಆಯ್ತಾ, ಎಲ್ರದ್ದೂ ಹೋಯ್ತು."

"ಒಬ್ರದ್ದು ಬಿಚ್ಚಿದ್ರೂ?"

"ಅದೇ ನೋಡು. ಟಿ ಸಮೇತ ಪಿಸಿಯ ನೆಟ್‌ವರ್ಕ್ ಕಾರ್ಡಿಂದ ಬಿಡಿಸ್ಕೊಂಡ್ರೆ ಏನೂ ಆಗಲ್ಲ, ವೈರು ಟಿ ಮೂಲಕ ಮುಂದೆ ಹೋಗ್ತಿರುತ್ತೆ. ವೈರನ್ನೇ ಟಿ ಇಂದ ಕಿತ್ರೆ ಇಡೀ ರೂಮು ನಿಲ್ಲುತ್ತೆ. ಹಂಗಾಗಿ ಮಧ್ಯದಲ್ಲಿ ಎದ್ದು ಮನೆಗೆ ಹೋಗೋರು ತಮ್ಮ ಟೀನ ಅಲ್ಲೇ ಬಿಟ್ಟು ಹೋಗ್ತಿದ್ರು, ಮಿಕ್ಕವರ ಆಟ ನಡೀಲಿ ಅಂತ. ಇದು ಹಂಗೆ ಯಾರೋ ಬಿಟ್ಟು ಹೋಗಿದ್ದು, ವಾಪಸ್ ಕೇಳೋಕೆ ಬರ್ಲೇ ಇಲ್ಲ."

ನಾನು ಅದನ್ನ ತಿರುಗಿಸಿ ತಿರುಗಿಸಿ ನೋಡ್ತಾ ಕೂತೆ. ಅವ್ರು ಹೇಳ್ತಾನೇ ಇದ್ರು. ಡೂಮಿನ ಮೊದಲ ವರ್ಷನ್ ಪ್ರತಿ ಪ್ಯಾಕೆಟ್ಟನ್ನೂ ಬ್ರಾಡ್‌ಕಾಸ್ಟ್ ಮಾಡ್ತಿತ್ತು, ಅಂದ್ರೆ ನೆಟ್‌ವರ್ಕಲ್ಲಿರೋ ಎಲ್ಲ ಪಿಸಿಗೂ ಕಳಿಸ್ತಿತ್ತು, ಆಡದೇ ಇರೋರ ಪಿಸೀನೂ ನಿಧಾನ ಮಾಡ್ತಿತ್ತು, ಆಫೀಸು ಕಾಲೇಜುಗಳಲ್ಲಿ ಅದಕ್ಕೇ ಬ್ಯಾನ್ ಮಾಡಿದ್ರು ಅಂತ. ಕ್ವೇಕ್‌ಕಾನ್ ಅನ್ನೋ ದೊಡ್ಡ ಲ್ಯಾನ್ ಪಾರ್ಟಿ 1996ರಲ್ಲಿ ಟೆಕ್ಸಾಸಿನ ಒಂದು ಹೋಟೆಲಲ್ಲಿ ಶುರುವಾದಾಗ್ಲೂ ಜನ ತಂತಮ್ಮ ಪಿಸಿ ಹೊತ್ಕೊಂಡೇ ಬಂದಿದ್ದು, ನಡೆಸಿದ್ದೂ ಸಂಬಳ ಇಲ್ಲದ ವಾಲಂಟಿಯರ್‌ಗಳೇ ಅಂತ. "ನಿಮ್ಮ ಡಬ್ಬ ನೀವೇ ತನ್ನಿ ಅಂತ ಕರೆದ ಮೇಲೆ ಜನ ಏನೇನೋ ತರ್ತಾರೆ. ಆ ಹುಡುಗನ ಪಕ್ಕದೋರಿಗೆ ಕೇಬಲ್ ಉದ್ದ ಸಾಲ್ದೇ ಇರ್ಬೇಕು, ಅದಕ್ಕೆ ರೂಟರ್ ಇಟ್ಟು ನಾಲ್ಕು ಪೋರ್ಟ್ ಮಾಡ್ಕೊಟ್ಟಿದಾನೆ. ಅವ್ನ ಮೇಲೆ ಯಾಕೆ ಸಿಟ್ಟು?"

ಆನ್‌ಲೈನಲ್ಲಿ ನಾನೂ ದಿನಾ ಆಡ್ತೀನಿ. ಅಲ್ಲಿ ಯಾರದ್ದಾದ್ರೂ ಲೈನ್ ಹೋದ್ರೆ ಬೈದು ಮುಂದಿನ ಮ್ಯಾಚಿಗೆ ಹೋಗ್ತೀವಿ, ಅವ್ರು ಯಾರು ಅಂತಾನೂ ಗೊತ್ತಿರಲ್ಲ. ಇಲ್ಲಿ ಹತ್ತು ಜನ ಅಪರಿಚಿತರಿಗೋಸ್ಕರ ಗೆಲ್ತಾ ಇದ್ದ ಟೀಮು ಮ್ಯಾಚ್ ನಿಲ್ಲಿಸಿ ಟೇಬಲ್ ಹಿಂದೆ ಬಂದು ನಿಂತಿತ್ತು. ಅಂದ ಹಾಗೆ ಆ ಟೀಮು ಮ್ಯಾಚ್ ಮತ್ತೆ ಶುರುವಾದ್ಮೇಲೆ ಲಯ ತಪ್ಪಿ ಸೆಮಿಫೈನಲ್ ಸೋತ್ತು. ಕ್ಯಾಪ್ಟನ್ ಬೆಳಿಗ್ಗೆ ಡೆಸ್ಕಿಗೆ ಬಂದಾಗ ನಾನು ಸಾರಿ ಅಂದೆ. ಅವ್ನು, "ಏ ಬಿಡು ಗುರು, ಅವ್ರು ಚೆನ್ನಾಗಿ ಆಡಿದ್ರು" ಅಂದ, ಸಿಕ್ಕಿದ್ನಾ ರೂಟರ್ ಹುಡುಗ ಅಂತ ವಿಚಾರಿಸ್ಕೊಂಡ. ನನಗೆ ನಿಜವಾಗ್ಲೂ ಗಂಟಲು ಕಟ್ಟಿತು.

ರೂಟರ್ ಹುಡುಗ ಮಧ್ಯಾಹ್ನ ಎದ್ದು ಚೀಟೀಲಿ ಇದ್ದ ಹಾಗೇ ಡಿಎಚ್‌ಸಿಪಿ ಆಫ್ ಮಾಡಿ ಮತ್ತೆ ಹಾಕ್ಕೊಂಡು ಆಡ್ತಿದ್ದ, ನಾನು ಹೋಗಿ ಚೆಕ್ ಮಾಡಿದೆ, ಎಲ್ಲ ಸರಿಯಾಗಿತ್ತು. ಫೈನಲ್ ನೋಡಿದೆ, ಚೆನ್ನಾಗಿತ್ತು, ಅಷ್ಟು ನೆನಪಿಲ್ಲ. ಪ್ಯಾಕಪ್ಪಿಗೆ ಅರ್ಧ ಜನ ಉಳ್ಕೊಂಡು ಕೇಬಲ್ ಸುತ್ತಿದ್ರು. ಕೇಬಲ್ ಸುತ್ತುವಾಗ ಮೊಣಕೈಗೆ ಬಿಗಿಯಾಗಿ ಸುತ್ತಬೇಡಿ, ಒಳಗಿನ ತಂತಿ ತಿರುಚ್ಕೊಳುತ್ತೆ, ಒಂದು ಸುತ್ತು ಮೇಲಿಂದ ಒಂದು ಸುತ್ತು ಒಳಗಿಂದ ಹಾಕಿ. ಪ್ಲಗ್ಗಿನ ಪ್ಲಾಸ್ಟಿಕ್ ನಾಲಿಗೆ ಮುರಿದಿರೋ ಕೇಬಲ್‌ನ ವಾಪಸ್ ಬಾಕ್ಸಿಗೆ ಹಾಕ್ಬೇಡಿ, ಅಲ್ಲೇ ಕತ್ತರಿಸಿ ಹೊಸ ಪ್ಲಗ್ ಕ್ರಿಂಪ್ ಮಾಡಿ, ಇಲ್ದಿದ್ರೆ ಮುಂದಿನ ಸಲ ಅದು ಫೈನಲ್ ದಿನಾನೇ ಜಾರುತ್ತೆ.

ಮುಂದಿನ ಪಾರ್ಟಿಗೆ ಕೆಲವು ಸಾಲಿಗಾದ್ರೂ ಮ್ಯಾನೇಜ್ಡ್ ಸ್ವಿಚ್ ಎರವಲು ತರೋದು ಅಂತ ಮಾತಾಗಿದೆ. ಅದರಲ್ಲಿ ಡಿಎಚ್‌ಸಿಪಿ ಸ್ನೂಪಿಂಗ್ ಆನ್ ಮಾಡಿದ್ರೆ ಹಾಲಿನ ಸರ್ವರ್ ಬಿಟ್ಟು ಬೇರೆ ಯಾವ ಪೋರ್ಟಿಂದ ಅಡ್ರೆಸ್ ಹಂಚೋಕೆ ಬಂದ್ರೂ ಸ್ವಿಚ್ಚೇ ತಡೆಯುತ್ತೆ. ಕಾನ್ಫಿಗ್ ಬರೆಯೋ ಕೆಲಸ ಅಕ್ಕ ನನಗೆ ಕೊಟ್ಟಿದಾರೆ, ಬರೆದು ಕಳಿಸಿದೀನಿ, ಎರಡು ಕಡೆ ತಿದ್ದಿ ವಾಪಸ್ ಕಳಿಸಿದಾರೆ.