ಸತ್ತ ದೊರೆಯ ಅಂಗಿ

ಭಾನುವಾರ ಅಕ್ಕನ ಮಗನ ಜೊತೆ ಗದಗಿನಿಂದ ಲಕ್ಕುಂಡಿಗೆ ಹೋಗಿದ್ದೆ. ಗಿರ್ಮಿಟ್ ತಿನ್ನುತ್ತಾ ಮೊಬೈಲಿನಲ್ಲಿ ಒಂದು ಕಂಬದ ಫೋಟೋ ತೋರಿಸಿದ. "ಮಾಮಾ, ಇದು ರೋಮಿಂದಲ್ಲೇನು?"

ಅಲ್ಲ, ಪ್ಯಾರಿಸ್ಸಿನದು. ಆದ್ರೆ ಹಾಗೆ ಕಾಣಲಿ ಅಂತಲೇ ನೆಪೋಲಿಯನ್ ಕಟ್ಟಿಸಿದ್ದು. ರೋಮಿನಲ್ಲಿ ಕ್ರಿ.ಶ. 113ರಲ್ಲಿ ಎದ್ದ, ದೊರೆ ಟ್ರಾಜನ್‌ನ ಕಂಬದ ಮೇಲೆ ಯುದ್ಧದ ಕಥೆ ಹಾವಿನ ಹಾಗೆ ಸುತ್ತಿಕೊಂಡು ಮೇಲಕ್ಕೆ ಹೋಗುತ್ತದೆ. ಅದೇ ನಮೂನೆಯ ಈ ವೆಂಡೋಮ್ ಕಂಬ 1810ರಲ್ಲಿ ಮುಗಿಯಿತು. ಶತ್ರುಗಳಿಂದ ಕಸಿದ ಫಿರಂಗಿ ಕರಗಿಸಿ ಕಂಚಿನ ಹೊದಿಕೆ ಮಾಡಿದರು, ತುದಿಯಲ್ಲಿ ರೋಮನ್ ದೊರೆಯ ಉಡುಪಿನಲ್ಲಿ ನೆಪೋಲಿಯನ್ನೇ ನಿಂತ! ಇದಕ್ಕಿಂತ ಜಾಸ್ತಿ ಜಂಬ ಬೇಕಾ? 1871ರಲ್ಲಿ ಬಂಡಾಯಗಾರರು ಹಗ್ಗ ಹಾಕಿ ಎಳೆದು ಕೆಡವಿದರು. ಆಮೇಲೆ ಮತ್ತೆ ಕಟ್ಟಿದರು ಬಿಡಿ.

ನಮ್ಮವರೇನು ಕಮ್ಮಿಯಾ? ಬಾದಾಮಿ ಚಾಲುಕ್ಯರ ಆಳ್ವಿಕೆ ಮುಗಿದು 200ಕ್ಕೂ ಹೆಚ್ಚು ವರ್ಷ ಆದ ಮೇಲೆ ಬಂದ ಕಲ್ಯಾಣದ ಚಾಲುಕ್ಯರು ತಾವು ಅದೇ ವಂಶ ಅಂದುಕೊಂಡು ಅದೇ ವರಾಹ ಲಾಂಛನ ಇಟ್ಟುಕೊಂಡರು, ಮುಂದೆ ವಿಜಯನಗರದವರೂ ವರಾಹವನ್ನೇ ಹಿಡಿದರು. ಚಿನ್ನದ ನಾಣ್ಯಕ್ಕೂ ವರಹ ಅಂತಲೇ ಹೆಸರು.

"ಅಂದ್ರ ಎಲ್ಲಾರೂ ಕಾಪಿ ಹೊಡದಾರ," ಅಂದ ಹುಡುಗ, ನನ್ನ ಪಾಲಿನ ಮಿರ್ಚಿಗೆ ಕೈ ಹಾಕುತ್ತಾ.