ಪ್ಯಾರಮೀಸಿಯಂ ಲಾಗ್: ಊಟ ಕಂಡಿತು, ಉಳಿದದ್ದಕ್ಕೆ ಕಾಯಿಸಿತು

ದಿನ 1
ಭತ್ತದ ಹುಲ್ಲು ಕುದಿಸಿ ಆರಿಸಿದೆ. ಅರ್ಧ ಲೋಟ ಕೆರೆ ನೀರು ಬೆರೆಸಿ ಜಾಡಿಯಲ್ಲಿಟ್ಟೆ.

ದಿನ 6
ಜಾಡಿ ನಾರುತ್ತಿದೆ. ಅಮ್ಮ ಅದನ್ನು ಬಾಲ್ಕನಿಗೆ ಗಡೀಪಾರು ಮಾಡಿದ್ದಾರೆ. ಆದರೆ ಒಂದು ಹನಿಯನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಚಪ್ಪಲಿ ಆಕಾರದ, ಒಂದೇ ಜೀವಕೋಶದ ಪ್ಯಾರಮೀಸಿಯಂಗಳು ಗಿಜಿಗುಡುತ್ತಿವೆ!

ದಿನ 8
ಅವು ಊಟ ಮಾಡುವುದು ಕಣ್ಣಿಗೆ ಕಾಣಲಿ ಅಂತ ಬೇಕರಿ ಯೀಸ್ಟನ್ನು ಕಾಂಗೊ ರೆಡ್ ಬಣ್ಣದ ಜೊತೆ ಕುದಿಸಿದೆ. (ಗ್ಲೌಸ್ ಹಾಕಿಕೊಳ್ಳಿ, ಈ ಬಣ್ಣ ಒಳ್ಳೆಯದಲ್ಲ.) ಜಾಸ್ತಿ ಸುರಿದುಬಿಟ್ಟೆ. ಸ್ಲೈಡ್ ತುಂಬಾ ಕೆಂಪು, ಏನೂ ಕಾಣಲಿಲ್ಲ. ಕಂಡವೂ ಒಂದು ಕ್ಷಣ ನಿಲ್ಲಲಿಲ್ಲ.

ದಿನ 9
ಹತ್ತಿಯನ್ನು ಎಳೆ ಎಳೆಯಾಗಿ ಬಿಡಿಸಿ ಸ್ಲೈಡಿನ ಮೇಲೆ ಹರಡಿದೆ. ಎಳೆಗಳ ಮಧ್ಯೆ ಸಿಕ್ಕಿಕೊಂಡವು ಅಲ್ಲಲ್ಲೇ ಸುತ್ತುತ್ತವೆ. 400 ಪಟ್ಟು ದೊಡ್ಡದಾಗಿ ನೋಡಿದರೆ ಊಟ ಶುರುವಾಗಿತ್ತು.

ಸಕ್ಕರೆ, ಉಪ್ಪಿನ ಕಣಗಳಿಗಾದರೆ ಕೋಶಪೊರೆಯಲ್ಲಿ ಸಣ್ಣ ಬಾಗಿಲುಗಳಿವೆ. ಯೀಸ್ಟ್ ತಾನೇ ಒಂದು ಇಡೀ ಜೀವಕೋಶ, ಅದು ಎಲ್ಲಿ ತೂರೀತು? ಅದಕ್ಕೇ ಬಾಯಿಗುಳಿಯ ತಳದಲ್ಲಿ ಪೊರೆಯೇ ಚೀಲದಂತೆ ಉಬ್ಬುತ್ತದೆ. ಸಿಲಿಯಾಗಳು (ಕೂದಲಿನಂಥ ಸಣ್ಣ ಎಳೆಗಳು) ಯೀಸ್ಟನ್ನು ಅದರೊಳಗೆ ದಬ್ಬುತ್ತವೆ. ತುಂಬಿದ ಚೀಲ ಕಳಚಿಕೊಂಡು ಒಳಗೆ ತೇಲಿಹೋಗುತ್ತದೆ. ಪೊರೆ ಎಲ್ಲೂ ಹರಿಯುವುದಿಲ್ಲ. ಪಿಯುಸಿಯಲ್ಲಿ ಫ್ಯಾಗೊಸೈಟೋಸಿಸ್ ಅಂತ ಉರು ಹೊಡೆದದ್ದು ಇದನ್ನೇ ಅಲ್ವಾ!

ಒಂದು ಕೆಂಪು ಚೀಲದ ಮೇಲೆ ಕಣ್ಣಿಟ್ಟು ಕೂತೆ. ನಾಲ್ಕೈದು ನಿಮಿಷಕ್ಕೆ ಅದು ನೇರಳೆ, ಆಮೇಲೆ ನೀಲಿ. ಕಾಂಗೊ ರೆಡ್ ಪಿಎಚ್ (ಹುಳಿಯ ಅಳತೆ, ಕಮ್ಮಿಯಾದಷ್ಟೂ ಹುಳಿ ಜಾಸ್ತಿ) 5ರ ಮೇಲೆ ಕೆಂಪು, 3ರ ಕೆಳಗೆ ನೀಲಿ. ಅಂದರೆ ಚೀಲದೊಳಗೆ ಹುಳಿ ಸುರಿದಾಗಿದೆ. ಜೀರ್ಣರಸದ ಸಣ್ಣ ಚೀಲಗಳು ಬಂದು ಸೇರುವುದು ಅದಾದ ಮೇಲೆ.

ದಿನ 10, 11, 12
ಈಗ ಬೇಕಿರುವುದು ಕಸ ಹೊರಗೆ ಹೋಗುವ ದೃಶ್ಯ. ಮೂರು ಸಂಜೆ ಕಾದೆ. ಎರಡು ಸಲ ಸ್ಲೈಡ್ ಒಣಗಿತು, ಒಂದು ಸಲ ಕರೆಂಟ್ ಹೋಯಿತು.

ದಿನ 13
ಕಂಡಿತು! ಬಾಯಿಗುಳಿಯಿಂದ ಹಿಂದಕ್ಕೆ ಒಂದು ಸೀಳು ತೆರೆಯಿತು. ಹಳೆಯ ಚೀಲ ಅಲ್ಲಿಗೆ ಅಂಟಿ, ಬಾಯಿ ಬಿಟ್ಟು, ಉಳಿದ ಚರಟವನ್ನು ಪುಸಕ್ಕನೆ ಹೊರಗೆ ತಳ್ಳಿತು. ಸೀಳು ಮತ್ತೆ ಮುಚ್ಚಿಕೊಂಡಿತು. ಇದು ಎಕ್ಸೊಸೈಟೋಸಿಸ್.

ಇನ್ನೊಂದು ವಿಷಯ ನನ್ನ ಮೈಕ್ರೋಸ್ಕೋಪಿಗೆ ಕಾಣುವಂಥದ್ದಲ್ಲ, ಓದಿ ತಿಳಿದದ್ದು. ಖಾಲಿಯಾದ ಚೀಲದ ಪೊರೆ ವ್ಯರ್ಥವಾಗುವುದಿಲ್ಲ. ಚೂರುಚೂರಾಗಿ ಮತ್ತೆ ಬಾಯಿಗುಳಿಗೆ ವಾಪಸ್ ಹೋಗಿ ಹೊಸ ಚೀಲವಾಗುತ್ತದೆ. ನಮ್ಮಜ್ಜಿಯ ಸಂತೆ ಚೀಲದ ಹಾಗೆ.

ವಿಡಿಯೊ ಮಾತ್ರ ಆಗಲಿಲ್ಲ. ಫೋನಿನಲ್ಲಿ ಜಾಗ ಖಾಲಿ ಇರಲಿಲ್ಲ. ಮುಂದಿನ ವಾರ ಒಂದು ಹನಿ ಪೆನ್ನಿನ ಇಂಕು ಬಿಟ್ಟು, ಅವು ಮೈಯಿಂದ ಟ್ರೈಕೊಸಿಸ್ಟ್ ಮುಳ್ಳುಗಳನ್ನು ಸಿಡಿಸುವುದನ್ನು ನೋಡಬೇಕು.